ನಾಲ್ಕನೇ ಟೇಬಲ್ಲಿನ ಎಚ್ಚರಿಕೆ

ಕಂತು ಆರು

"ಬಂದಿತ್ತೋ, ಇಲ್ಲೋ? ಅಷ್ಟ ಹೇಳವಾ, ಸಾಕು" ಎಂದು ಶರಣವ್ವ ನಾಲ್ಕನೆಯ ಸಲ ಕೇಳಿದಳು.

ಆರ್ಡರ್ ಡೆಸ್ಕಿನ ವಿನೋದಿನಿ ನಾಲ್ಕನೆಯ ಸಲವೂ ಅದನ್ನೇ ಹೇಳಿದಳು. "ನಹೀ ಅಕ್ಕಾ, ಎಚ್ಚರಿಕೆ ವಿಂಡೋ ಬರ್ಲೇ ಇಲ್ಲ. ಬಂದ್ರೆ ಓದಿ ಮೈಕಲ್ಲಿ ಕಿಚನ್ನಿಗೆ ಹೇಳುದೇ ನನ್ನ ಕೆಲ್ಸ ಅಲ್ವಾ? ಝೂಟ್ ಯಾಕೆ ಹೇಳ್ಲಿ?"

ಶರಣವ್ವನಿಗೆ ತಲೆ ಚಿಟ್ಟು ಹಿಡಿದುಹೋಯಿತು. ಸುಳ್ಳು ಹೇಳುವವರ ಜೊತೆ ಏಗುವುದು ಅವಳಿಗೆ ಕಷ್ಟವಲ್ಲ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು, ನಿವೃತ್ತಿಯಾದ ಮೇಲೆ ಮುಂಬಯಿ ಕನ್ನಡಿಗರ ಕಳವು, ಕಾಣೆ, ಮೋಸಗಳ ಪತ್ತೆಗೆ ನಿಂತವಳು ಅವಳು. ಸುಳ್ಳು ಹೇಳುವವರು ಎಲ್ಲಾದರೂ ಒಂದು ಕಡೆ ಎಡವುತ್ತಾರೆ, ಎಡವುವವರೆಗೆ ಕಾದರಾಯಿತು. ಆದರೆ ಸುಳ್ಳು ಹೇಳದ ಇಬ್ಬರು ಒಂದಕ್ಕೊಂದು ಹೊಂದದ ಮಾತಾಡತೊಡಗಿದರೆ ಏನು ಮಾಡಬೇಕು? ವಿಂಡೋ ಬರಲೇ ಇಲ್ಲ ಎನ್ನುತ್ತಾಳೆ ವಿನೋದಿನಿ. ಬಂದಿದೆ ಎನ್ನುತ್ತದೆ ಅವಳ ಮುಂದಿರುವ ಕಂಪ್ಯೂಟರ್. ಬಂದದ್ದಷ್ಟೇ ಅಲ್ಲ, ಯಾರೋ ಅದನ್ನು ನೋಡಿದ್ದಾರೆ ಎಂದೂ ಹೇಳುತ್ತದೆ.

ದಾಖಲೆಯಲ್ಲಿ ಆ ಸಾಲು ಸ್ಪಷ್ಟವಾಗಿತ್ತು. ಬುಧವಾರ, ಡಬ್ಬ ಮೂವತ್ತೇಳು, ಶೇಂಗಾ ಕೂಡದು. ಎಚ್ಚರಿಕೆ ತಲುಪಿದ್ದು ಒಂಬತ್ತು ಐವತ್ತೆರಡಕ್ಕೆ. ನೋಡಿದ್ದು ಒಂಬತ್ತು ಐವತ್ತೆಂಟಕ್ಕೆ.

ಆ ಡಬ್ಬವನ್ನು ಬುಧವಾರ ಮಧ್ಯಾಹ್ನ ಕಾಂದಿವಲಿಯ ಒಂದು ಕಚೇರಿಯಲ್ಲಿ ಅನಿಕೇತ್ ಎಂಬ ಇಪ್ಪತ್ತಾರರ ತರುಣ ತೆರೆದ. ಚಟ್ನಿಯಲ್ಲಿ ಶೇಂಗಾ ಇತ್ತು. ನಾಲ್ಕು ತುತ್ತಿಗೆ ಮುಖ ಊದಿ, ಉಸಿರು ಕಟ್ಟಿ ನೆಲಕ್ಕೆ ಬಿದ್ದವನು ಶುಕ್ರವಾರವಾದರೂ ಕಣ್ಣು ತೆರೆದಿಲ್ಲ. ಡಬ್ಬ ಹೋದದ್ದು ಕಚೇರಿಗಳಿಗೆ ಊಟ ಕಳಿಸುವ ಭಾಂಡುಪಿನ ಈ 'ಪಡುವಣ' ಕಿಚನ್ನಿನಿಂದ. ಚಟ್ನಿ ರುಬ್ಬಿದವನು ಇಲ್ಲಿನ ಹಿರಿಯ ಅಡುಗೆಯವನು ದೂಜ. ಸಂಜೆ ನಾಲ್ಕಕ್ಕೆ ಅವನು ಪೊಲೀಸ್ ಸ್ಟೇಷನ್ನಿಗೆ ಹೋಗಬೇಕು, ಹೋದರೆ ಇವತ್ತು ಹಿಂದೆ ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಆಗ ಗಂಟೆ ಒಂದೂವರೆ.

ಗೇಟಿನ ಹತ್ತಿರದ ಬೆಂಚಿನ ಮೇಲೆ ದೂಜನ ಹೆಂಡತಿ ಹರಿಣಿ ಬೆಳಗ್ಗಿನಿಂದ ಕೂತಿದ್ದಳು. ಆಂಟಾಪ್ ಹಿಲ್ಲಿನಲ್ಲಿ ಶರಣವ್ವನ ಬಿಲ್ಡಿಂಗಿನವಳು. ನಿನ್ನೆ ಬಾಗಿಲಿಗೆ ಬಂದು ಹೇಗಾದರೂ ಮಾಡಿ ಉಳಿಸಿಕೊಡಿ ಎಂದು ಕೈಹಿಡಿದು ಅತ್ತವಳು. ಲಾಕಪ್ಪಿಗೆ ಹೋಗುವವರಿಗೆ ಬಟ್ಟೆ ಬೇಕಾಗುತ್ತದೆ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದರಂತೆ. ಗಂಡನ ಎರಡು ಅಂಗಿ, ಒಂದು ಲುಂಗಿ, ಟವೆಲು ಚೀಲದಲ್ಲಿ ತುಂಬಿಕೊಂಡು ಬಂದಿದ್ದಳು. ಆ ಚೀಲ ನೋಡಿದಾಗಿನಿಂದ ಶರಣವ್ವನಿಗೆ ಸಿಟ್ಟು ಮೂಗಿನ ತುದಿಗೆ ಬಂದು ಕೂತಿತ್ತು.

ಅವಳ ಸಿಟ್ಟಿಗೆ ಕಾರಣಗಳು ಬೇಕಾದಷ್ಟಿದ್ದವು. ಈ ಕಂಪ್ಯೂಟರನ್ನು ಬುಧವಾರದಿಂದ ಮೂರು ಸಲ ಬಂದ್ ಮಾಡಿ ಚಾಲೂ ಮಾಡಿದ್ದರು. ಯಾಕೆ ಎಂದರೆ, ಹಾಗೆ ಮಾಡಿದರೆ ಸರಿಯಾಗುತ್ತದಂತೆ. ಏನು ಕೆಟ್ಟಿದೆ ಎಂದು ಗೊತ್ತಿಲ್ಲದೆ ಏನು ಸರಿ ಮಾಡಲು ಹೊರಟಿದ್ದರು ಎಂಬುದಕ್ಕೆ ಒಬ್ಬರ ಬಳಿಯೂ ಉತ್ತರವಿರಲಿಲ್ಲ. ಯಜಮಾನ ಧನರಾಜನಂತೂ 'ನೋಡಿದೆ' ಎಂದು ಕಂಪ್ಯೂಟರೇ ಹೇಳಿದ ಮೇಲೆ ಡೆಸ್ಕಿನಲ್ಲಿ ನೋಡಿದ್ದಾರೆ, ಡೆಸ್ಕಿನಲ್ಲಿ ನೋಡಿದ ಮೇಲೆ ಮೈಕಿನಲ್ಲಿ ಹೇಳಿದ್ದಾರೆ, ಮೈಕಿನಲ್ಲಿ ಹೇಳಿದ ಮೇಲೆ ತಪ್ಪು ದೂಜನದ್ದೇ ಎಂದು ಪೊಲೀಸರಿಗೆ ಬರೆದುಕೊಟ್ಟು ಕೈತೊಳೆದುಕೊಂಡಿದ್ದ.

ಶರಣವ್ವ ಕುರ್ಚಿ ಎಳೆದು ವಿನೋದಿನಿಯ ಪಕ್ಕ ಕೂತಳು. ಬೇರೆ ದಿನ ಈ ವಿಂಡೋ ಎಲ್ಲಿ ಬರುತ್ತಿತ್ತು ಎಂದು ಕೇಳಿದಳು.

ಇಲ್ಲೇ, ಎರಡನೇ ಟೇಬಲ್ಲಿನಲ್ಲಿ ಎಂದಳು ವಿನೋದಿನಿ.

ಟೇಬಲ್ ಎಂದರೇನು ಎಂದು ತಿಳಿಯಲು ಇನ್ನೈದು ನಿಮಿಷ ಹೋಯಿತು. ಪರದೆ ಒಂದೇ ಆದರೂ ಅದರೊಳಗೆ ನಾಲ್ಕು ಡೆಸ್ಕ್‌ಟಾಪುಗಳಿದ್ದವು. ಒಂದನ್ನು ನೋಡುವಾಗ ಉಳಿದ ಮೂರು ಕಾಣುವುದಿಲ್ಲ, ಆದರೆ ಅವುಗಳಲ್ಲಿ ತೆರೆದಿಟ್ಟದ್ದು ತೆರೆದೇ ಇರುತ್ತದೆ. ಕೆಳಗಿನ ಮೂಲೆಯಲ್ಲಿ ನಾಲ್ಕು ಪುಟ್ಟ ಚೌಕಗಳಿವೆ. ಅವುಗಳ ಮೇಲೆ ಮೌಸ್ ಇಟ್ಟು ಚಕ್ರ ತಿರುಗಿಸಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಹೋಟೆಲಿನವರ ಕೈಗೆ ಸಿಕ್ಕಿದ ಮೇಲೆ ಅವು ಟೇಬಲ್‌ಗಳಾಗದೆ ಬೇರೇನಾಗಬೇಕು? ಒಂದನೇ ಟೇಬಲ್ಲಿನಲ್ಲಿ ದೇವರು. ಎರಡನೆಯದರಲ್ಲಿ ಆರ್ಡರು. ಮೂರನೆಯದರಲ್ಲಿ ಗಾಡಿಗಳ ಲೆಕ್ಕ. ನಾಲ್ಕನೆಯದು ಖಾಲಿ.

"ದೇವರೇನ್ ಮಾಡ್ತಾನವಾ ಕಂಪ್ಯೂಟರ್‌ನ್ಯಾಗ?"

ವಿನೋದಿನಿ ಧ್ವನಿ ತಗ್ಗಿಸಿ ಹೇಳಿದಳು. ಈ ಹಳೆಯ ಫ್ಯಾಕ್ಟರಿ ಶೆಡ್ಡಿನ ಗೋಡೆಗಳಿಗೆಲ್ಲ ಪಾತ್ರೆಯ ರ‍್ಯಾಕು ಹೊಡೆದು ಪಟ ಹಾಕಲು ಜಾಗವೇ ಉಳಿಯಲಿಲ್ಲವಂತೆ. ವ್ಯಾಪಾರವೆಲ್ಲ ಈ ಪರದೆಯಲ್ಲೇ ನಡೆಯುವಾಗ ದೇವರೂ ಇಲ್ಲೇ ಇರಲಿ ಎಂದು ಧಣಿಗಳು ಕೃಷ್ಣನ ಚಿತ್ರವನ್ನು ಒಂದನೇ ಟೇಬಲ್ಲಿಗೆ ಹಾಕಿಸಿದರು. ದಿನವೂ ಮೊದಲ ಗಾಡಿ ಹೊರಡುವ ಮುಂಚೆ ಈ ಪರದೆಗೇ ಆರತಿ. ಒಂದು ಸಲ ಮಂಗಳಾರತಿಯ ನಡುವೆ ಯಾವುದೋ ಎಚ್ಚರಿಕೆಯ ವಿಂಡೋ ಹಾರಿಬಂದು ದೇವರ ಮುಖದ ಮೇಲೇ ಕೂತುಬಿಟ್ಟಿತು. ಅವತ್ತು ಧಣಿಗಳು ಕೂಗಾಡಿದ್ದು ಎದುರಿನ ರಸ್ತೆಗೂ ಕೇಳಿಸಿತ್ತು. ಆಮೇಲೆ ಗಾಡಿಗಳನ್ನು ನೋಡಿಕೊಳ್ಳುವ ತಿಲಕ್ ಕೂತು, ಯಾವ ವಿಂಡೋ ಯಾವ ಟೇಬಲ್ಲಿನಲ್ಲಿ ತೆರೆಯಬೇಕು ಎಂದು ನಿಯಮ ಹಾಕಿದ. ಎಚ್ಚರಿಕೆಗಳೆಲ್ಲ ಎರಡಕ್ಕೆ, ಒಂದಕ್ಕೆ ಯಾವುದೂ ಇಲ್ಲ.

ಶರಣವ್ವ ಹಣೆಗೆ ಕೈ ಹಚ್ಚಿದಳು. ಇಷ್ಟು ಹೊತ್ತು ತಾನು ವಿಂಡೋ ಬಂತೇ ಇಲ್ಲವೇ ಎಂದು ಬಡಿದುಕೊಳ್ಳುತ್ತಿದ್ದರೆ, ಅದು ಎಲ್ಲಿಗೆ ಬರಬೇಕು ಎಂಬುದಕ್ಕೆ ಒಂದು ನಿಯಮವೇ ಇದೆ ಎಂದು ಈ ಹುಡುಗಿಗೆ ಈಗ ನೆನಪಾಗಿದೆ.

"ಹನ್ನೆರಡನೇ ಡಬ್ಬದ ಎಚ್ಚರಿಕೆ ಮತ್ತೊಮ್ಮೆ ಕಳಸು" ಎಂದಳು.

ವಿನೋದಿನಿ ಆರ್ಡರಿನ ಪಟ್ಟಿಯಲ್ಲಿ ಹನ್ನೆರಡನ್ನು ಹುಡುಕಿ ಗುಂಡಿ ಒತ್ತಿದಳು. ತಕ್ಷಣ ಪರದೆಯ ನಟ್ಟನಡುವೆ ಹಳದಿ ವಿಂಡೋ ಬಂದು ನಿಂತಿತು. ಡಬ್ಬ ಹನ್ನೆರಡು, ಹಾಲು ಕೂಡದು. ಕೆಳಗೆ 'ನೋಡಿದೆ' ಎಂಬ ಗುಂಡಿ.

"ಈಗ ಮೂವತ್ತೇಳು."

ಒತ್ತಿದಳು. ಏನೂ ಬರಲಿಲ್ಲ. ಇಬ್ಬರೂ ಕಾದರು. ಕೆಳಗಿನ ಪಟ್ಟಿಯಲ್ಲೂ ಏನೂ ಕಾಣಿಸಲಿಲ್ಲ, ಟಿಣ್ ಎಂಬ ಸದ್ದೂ ಆಗಲಿಲ್ಲ. ಆದರೆ ದಾಖಲೆಯಲ್ಲಿ ಹೊಸ ಸಾಲು ಮೂಡಿತು: ಮೂವತ್ತೇಳು, ತಲುಪಿದೆ.

ವಿನೋದಿನಿಯ ಕಣ್ಣು ತುಂಬಿತು. "ದೇಖಾ ಅಕ್ಕಾ? ಇದೇ ಆದದ್ದು ಬುಧವಾರ. ನಾನು ಹೇಳಿದ್ರೆ ಯಾರೂ ನಂಬ್ಲಿಲ್ಲ."

ಎಕ್ಸ್‌ಚೇಂಜಿನಲ್ಲಿ ಶರಣವ್ವ ಕಲಿತ ಪಾಠ ಒಂದೇ. ಗಂಟೆ ಹೋಗುತ್ತಿದೆ ಎಂದು ಲೈನು ಹೇಳಿದರೆ ಎಲ್ಲೋ ಒಂದು ಕೋಣೆಯಲ್ಲಿ ಫೋನು ಬಡಿದುಕೊಳ್ಳುತ್ತಿದೆ. ಆ ಕೋಣೆಯಲ್ಲಿ ಜನರಿಲ್ಲ, ಅಷ್ಟೇ. ಅವಳು ಮೂಲೆಯ ನಾಲ್ಕನೇ ಚೌಕಕ್ಕೆ ಬೆರಳು ತೋರಿಸಿದಳು. ಅಲ್ಲೇನಿಲ್ಲ, ಅದು ಖಾಲಿ ಎಂದಳು ವಿನೋದಿನಿ. ಖಾಲಿ ಇದ್ದರೆ ಖಾಲಿಯನ್ನೇ ತೋರಿಸು ಎಂದು ಶರಣವ್ವ ಹಲ್ಲು ಕಚ್ಚಿ ಹೇಳಿದಳು.

ನಾಲ್ಕನೇ ಟೇಬಲ್ ತೆರೆಯಿತು. ಬೂದು ಬಣ್ಣದ ಬರಿದಾದ ಪರದೆ. ಅದರ ನಡುವೆ ಹಳದಿ ವಿಂಡೋ ಒಂದೇ ಒಂದು ಕೂತಿತ್ತು. ಡಬ್ಬ ಮೂವತ್ತೇಳು. ಶೇಂಗಾ ಕೂಡದು.

ವಿನೋದಿನಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಯಾಕೆ ಹೀಗೆ, ಇದೊಂದೇ ಯಾಕೆ ಇಲ್ಲಿಗೆ ಬಂತು ಎಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ನಿಯಮಗಳ ಪಟ್ಟಿ ಎಲ್ಲಿದೆ ಎಂದರೆ ಅದೂ ಗೊತ್ತಿರಲಿಲ್ಲ. ತಿಲಕನಿಗೆ ಗೊತ್ತು. ತಿಲಕ್ ಎಲ್ಲಿ? ಖಾಲಿ ಡಬ್ಬ ತರಲು ಕಾಂದಿವಲಿಗೆ ಹೋಗಿದ್ದಾನೆ. ಫೋನ್ ಮಾಡಿದರೆ ಜಾಮಿನಲ್ಲಿ ಸಿಕ್ಕಿಬಿದ್ದಿದ್ದೇನೆ, ಮೂರು ಗಂಟೆಯಾದೀತು ಎಂದ. ಫೋನಿನಲ್ಲೇ ದಾರಿ ಹೇಳು ಎಂದು ಶರಣವ್ವ ಕೇಳಿದಳು. ಅವನು ಹೇಳಿದ, ಇವಳು ಹುಡುಕಿದಳು. ಸೆಟ್ಟಿಂಗಿನೊಳಗೆ ಸೆಟ್ಟಿಂಗು, ಅದರೊಳಗೆ ಮತ್ತೊಂದು. ಎಲ್ಲ ಇಂಗ್ಲಿಷು, ಎಲ್ಲ ಇರುವೆ ಸಾಲಿನಂಥ ಅಕ್ಷರ. ಇಪ್ಪತ್ತು ನಿಮಿಷ ಒದ್ದಾಡಿ ಕೊನೆಗೆ ಅವಳು ತಲುಪಿದ್ದು ಗಡಿಯಾರದ ಬಣ್ಣ ಬದಲಿಸುವ ಕಡೆ. ತಿಲಕನ ಫೋನು ಕಟ್ಟಾಯಿತು. ಶರಣವ್ವ ಮೌಸನ್ನು ಮೇಜಿನ ಮೇಲೆ ಕುಕ್ಕಿದಳು.

ಇರಲಿ. ಎಲ್ಲಿಗೆ ಹೋಯಿತು ಎಂಬುದು ತಿಳಿಯಿತು. ಯಾಕೆ ಹೋಯಿತು ಎಂಬುದನ್ನು ಅವನು ಬಂದ ಮೇಲೆ ನೋಡೋಣ. ಆದರೆ ಬುಧವಾರ ಒಂಬತ್ತು ಐವತ್ತೆಂಟಕ್ಕೆ ಈ ನಾಲ್ಕನೇ ಟೇಬಲ್ಲಿಗೆ ಬಂದು 'ನೋಡಿದೆ' ಎಂದು ಒತ್ತಿದವರು ಯಾರು? ವಿಂಡೋ ತಾನಾಗಿ ಒತ್ತಿಕೊಳ್ಳುವುದಿಲ್ಲ. ಈಗಲೂ ಅದು ಒತ್ತದೆ ಕೂತೇ ಇತ್ತು.

"ಒಂಬತ್ತ ಐವತ್ತೆಂಟಕ್ಕ ನೀ ಎಲ್ಲಿದ್ದಿ?"

"ಇಲ್ಲೇ. ಆರತಿ ಟೈಮ್ ಅದು. ನಾನು ಗಂಟೆ ಬಾರಿಸ್ತಿದ್ದೆ."

"ದೂಜ?"

"ಕಿಚನ್ನಲ್ಲಿ. ಒಲೆ ಬಿಟ್ಟು ಬರುದಿಲ್ಲ ಅವ್ರು ಆರತಿಗೆ."

ಮೌಸ್ ಯಾರ ಕೈಯಲ್ಲಿತ್ತು ಎಂದು ಶರಣವ್ವ ಕೇಳಿದಳು. ವಿನೋದಿನಿ ಬಾಗಿಲ ಕಡೆ ನೋಡಿದಳು. ಬಾಗಿಲಾಚೆ ಧನರಾಜ್ ಫೋನಿನಲ್ಲಿ ಯಾರಿಗೋ ತರಕಾರಿಯ ವಿಚಾರವಾಗಿ ಜೋರು ಮಾಡುತ್ತಿದ್ದ.

ಶರಣವ್ವ ಪರದೆಯನ್ನು ಎರಡನೇ ಟೇಬಲ್ಲಿಗೆ ತಿರುಗಿಸಿಟ್ಟಳು. ಹನ್ನೆರಡರ ವಿಂಡೋ ಮುಚ್ಚಿಸಿದಳು. ಮೂವತ್ತೇಳರದ್ದನ್ನು ನಾಲ್ಕನೇ ಟೇಬಲ್ಲಿನಲ್ಲಿ ಇದ್ದ ಹಾಗೇ ಬಿಟ್ಟಳು. ನೀನು ತುಟಿ ಪಿಟಕ್ ಅನ್ನಬೇಡ ಎಂದು ವಿನೋದಿನಿಗೆ ಹೇಳಿ, ಧಣಿಗಳನ್ನು ಒಳಗೆ ಕರೆದಳು.

ಧನರಾಜ್ ಬಂದ. ಅರವತ್ತರ ಹತ್ತಿರದ ಮನುಷ್ಯ. ಬಿಳಿ ಅಂಗಿ, ಹಣೆಯಲ್ಲಿ ಗಂಧ. ಒಂದು ಕಾಲದಲ್ಲಿ ತಾನೂ ಲೋಟ ತೊಳೆದೇ ಮೇಲೆ ಬಂದವನು ಎಂದು ಸಿಕ್ಕವರಿಗೆಲ್ಲ ಹೇಳಿಕೊಳ್ಳುವವನು. ಇನ್ನೂ ಮುಗಿಯಲಿಲ್ಲವಾ ನಿಮ್ಮ ಪತ್ತೇದಾರಿ, ಹೇಳುವುದನ್ನೆಲ್ಲ ನಾನು ಬರೆದುಕೊಟ್ಟಾಗಿದೆಯಲ್ಲ ಎಂದು ಗೊಣಗುತ್ತಲೇ ನಿಂತ.

"ಏನಿಲ್ರಿ. ನಿಮ್ಮ ದೇವರನ್ನ ಒಮ್ಮಿ ನೋಡಬೇಕಾಗಿತ್ತು" ಎಂದಳು ಶರಣವ್ವ. "ಆರತಿಗೆ ಹೆಂಗ ತೋರಸ್ತೀರಿ, ಹಂಗ ತೋರಸ್ರಿ."

ಧನರಾಜನ ಮುಖ ಸಡಿಲಾಯಿತು. ದೇವರ ವಿಚಾರ ಎಂದರೆ ಅವನಿಗೆ ಉತ್ಸಾಹವೇ. ಮೂಲೆಯ ನಲ್ಲಿಯಲ್ಲಿ ಕೈ ತೊಳೆದು ಬಂದ. ಕನ್ನಡಕ ತೆಗೆದು ಜೇಬಿಗಿಟ್ಟ. ಆರತಿಯ ಹೊತ್ತಿನಲ್ಲಿ ಈ ಮೌಸನ್ನು ನಾನೊಬ್ಬ ಬಿಟ್ಟು ಬೇರೆ ಯಾರೂ ಮುಟ್ಟುವಂತಿಲ್ಲ, ಅದು ನಮ್ಮಲ್ಲಿಯ ಶಿಸ್ತು ಎಂದು ತಾನಾಗಿಯೇ ಹೇಳಿದ. ಶರಣವ್ವ ಬಹಳ ಭಕ್ತಿಯಿಂದ ತಲೆಯಾಡಿಸಿದಳು.

ಅವನು ಮೌಸನ್ನು ಮೂಲೆಯ ಚೌಕಗಳ ಮೇಲಿಟ್ಟು ಚಕ್ರ ತಿರುಗಿಸಿದ. ಎರಡು ಹೋಗಿ ಒಂದು ಬಂತು. ಕೊಳಲು ಹಿಡಿದ ಕೃಷ್ಣ ಅರೆ ಕ್ಷಣ ಕಂಡ. ಆದರೆ ದಪ್ಪ ಬೆರಳು ಚಕ್ರವನ್ನು ಒಂದು ಹಲ್ಲು ಹೆಚ್ಚೇ ತಿರುಗಿಸಿತ್ತು. ಒಂದು ದಾಟಿದರೆ ಸುತ್ತು ಹಾಕಿ ನಾಲ್ಕಕ್ಕೆ ಹೋಗುತ್ತದೆ. ಕೃಷ್ಣ ಹೋಗಿ ಬೂದು ಪರದೆ ಬಂತು, ನಡುವೆ ಹಳದಿ ವಿಂಡೋ.

ಧನರಾಜ್ ಚ್ಚ್ ಎಂದ. ಕೈ ಒಂದಿಷ್ಟೂ ತಡೆಯಲಿಲ್ಲ. ವಿಂಡೋದ ಗುಂಡಿ ಒತ್ತಿ ಅದನ್ನು ಮುಚ್ಚಿ, ಚಕ್ರವನ್ನು ಹಿಂದಕ್ಕೆ ತಿರುಗಿಸಿ, ಕೃಷ್ಣನನ್ನು ತಂದು ನಿಲ್ಲಿಸಿ, ಎರಡೂ ಕೈ ಮುಗಿದ.



"ನಡುವ ಏನೋ ಬಂತಲ್ರಿ, ಅದೇನು?" ಎಂದು ಶರಣವ್ವ ಮೆತ್ತಗೆ ಕೇಳಿದಳು.

"ಎಂತದೋ ಒಂದು. ಅಡ್ಡ ಬಂತು, ತೆಗ್ದೆ."

"ಏನ್ ಬರದಿತ್ತು ಅದರಾಗ?"

"ಕನ್ನಡಕ ಇಲ್ಲ ಮಾರಾಯ್ರೇ. ದೇವರಿಗೆ ಅಡ್ಡ ಬಂದದ್ದನ್ನು ಓದ್ಲಿಕ್ಕೆ ಉಂಟಾ?"

ಶರಣವ್ವ ವಿನೋದಿನಿಗೆ ಸನ್ನೆ ಮಾಡಿದಳು. ವಿನೋದಿನಿ ದಾಖಲೆ ತೆರೆದಳು. ಕನ್ನಡಕ ಹಾಕ್ಕೊಳ್ರಿ ಎಂದಳು ಶರಣವ್ವ. ಧನರಾಜ್ ಹಾಕಿಕೊಂಡ. ಕೊನೆಯ ಸಾಲು ಈಗಷ್ಟೇ ಮೂಡಿತ್ತು: ಶುಕ್ರವಾರ, ಡಬ್ಬ ಮೂವತ್ತೇಳು, ಶೇಂಗಾ ಕೂಡದು, ನೋಡಿದ್ದು ಎರಡು ಮೂವತ್ತೊಂದಕ್ಕೆ. ಅವಳು ಬೆರಳನ್ನು ಮೇಲಕ್ಕೆ ಒಯ್ದು ಬುಧವಾರದ ಸಾಲಿನ ಮೇಲೆ ಇಟ್ಟಳು. ಒಂಬತ್ತು ಐವತ್ತೆಂಟು.

ಅವನು ಎರಡೂ ಸಾಲು ಓದಿದ. ಮತ್ತೆ ಓದಿದ. ನೋಡನೋಡುತ್ತ ಅವನ ಕುತ್ತಿಗೆ ಕೆಂಪಾಗಿ, ಇದೆಲ್ಲ ನಾಟಕ, ನಿಮ್ಮನ್ನು ಒಳಗೆ ಬಿಟ್ಟದ್ದೇ ನನ್ನ ತಪ್ಪು, ದೂಜನ ಕಡೆಯವರು ನೀವು ಎಂದು ಶುರು ಮಾಡಿದ. ಶರಣವ್ವ ಕೇಳುವಷ್ಟು ಕೇಳಿದಳು. ಅವಳ ತಾಳ್ಮೆಯೂ ಮುಗಿದಿತ್ತು.

"ಧನರಾಜ್ ಅವರ, ಇಪ್ಪತ್ತೆರಡು ವರ್ಷ ನಿಮ್ಮ ಒಲಿ ಮುಂದ ನಿಂತಾನ ಆ ಮನಿಷ್ಯಾ. ನೀವು ಒತ್ತಿದ ಗುಂಡಿಗೆ ಅವನ್ನ ಜೈಲಿಗೆ ಕಳಸ್ತೀರೇನು? ಅವನ ಹೇಣ್ತಿ ಬಟ್ಟಿ ಗಂಟ ಕಟ್ಟಿಕೊಂಡ ಗೇಟಿನ್ಯಾಗ ಕುಂತಾಳ. ಹೋಗಿ ನೋಡಿ ಬರ್ರಿ, ಆಮ್ಯಾಲ ಬೈರಿ ನನ್ನ."

ಧನರಾಜ್ ಕುರ್ಚಿಯಲ್ಲಿ ಕುಸಿದ. ಆ ಬುಧವಾರ ತೆಂಗಿನಕಾಯಿ ಕಡಿಮೆ ಬಂದಾಗ ಚಟ್ನಿಗೆ ಅರ್ಧ ಶೇಂಗಾ ಹಾಕು ಎಂದು ದೂಜನಿಗೆ ಹೇಳಿದ್ದೂ ತಾನೇ ಎಂದ. ನೋಡಲು ಕಾಯಿ ಚಟ್ನಿಯ ಹಾಗೇ ಇತ್ತು, ಯಾರಿಗೂ ವ್ಯತ್ಯಾಸ ಗೊತ್ತಾಗುವಂತಿರಲಿಲ್ಲ ಎಂದ. ಶರಣವ್ವನಿಗೆ ಕನಿಕರವೂ ಆಯಿತು, ಸಿಟ್ಟೂ ಇಳಿಯಲಿಲ್ಲ. ಸಬ್ ಇನ್‌ಸ್ಪೆಕ್ಟರ್ ಕಾಶಿನಾಥನಿಗೆ ಈಗಲೇ ಫೋನ್ ಮಾಡಿ, ಬರೆದುಕೊಟ್ಟದ್ದು ತಪ್ಪು, ಗುಂಡಿ ಒತ್ತಿದ್ದು ನಾನು ಎಂದು ಹೇಳಿ ಎಂದಳು. ಅವನು ಮಾಡಿದ. ಕೇಸು ನೋಡುತ್ತಿದ್ದ ಕಾಶಿನಾಥ ಬೆಳಗಾವಿ ಕಡೆಯವನು. ಅರ್ಧ ಗಂಟೆಯಲ್ಲಿ ಬರುತ್ತೇನೆ, ಯಾರೂ ಕಂಪ್ಯೂಟರ್ ಮುಟ್ಟಬೇಡಿ ಎಂದ.

ಸುದ್ದಿ ಕಿಚನ್ನಿಗೆ ಹೋಯಿತು. ಹರಿಣಿ ಓಡಿಬಂದು ಶರಣವ್ವನ ಕೈ ಹಿಡಿದುಕೊಂಡಳು, ಬಿಡಲೇ ಇಲ್ಲ. ಒಲೆಯ ಹತ್ತಿರದಿಂದ ದೂಜನೂ ಬಂದ. ಸಣಕಲು ಮನುಷ್ಯ, ಹೆಗಲ ಮೇಲೆ ಕೈಯೊರೆಸುವ ಒದ್ದೆ ಬೈರಾಸು. ಅವನ ಮುಖದಲ್ಲಿ ಶರಣವ್ವ ನಿರೀಕ್ಷಿಸಿದ ನಿರಾಳ ಕಾಣಲಿಲ್ಲ. ದಣಿದಿದ್ದಾನೆ ಎಂದುಕೊಂಡಳು.

ಮೂರಕ್ಕೆ ಹತ್ತು ನಿಮಿಷವಿರುವಾಗ ತಿಲಕ್ ಬಂದ. ಮೂವತ್ತೈದರ ಚುರುಕಿನ ಆಳು, ಬೆವರಿ ತೊಪ್ಪೆಯಾಗಿದ್ದ. ಪೊಲೀಸರು ಬರುವ ಮುಂಚೆ ನೋಡಿಬಿಡುವುದು ಒಳ್ಳೆಯದು, ಏನನ್ನೂ ಬದಲಿಸಬೇಡ, ಬರೀ ತೋರಿಸು ಎಂದಳು ಶರಣವ್ವ. ಅವಳು ಇಪ್ಪತ್ತು ನಿಮಿಷ ಹುಡುಕಿದ್ದನ್ನು ಅವನು ಮೂರು ಕ್ಲಿಕ್ಕಿನಲ್ಲಿ ತೆರೆದ. ಅವನ ಮೇಲೂ ಅವಳಿಗೆ ಸಿಟ್ಟು ಬಂತು.

ನಿಯಮಗಳ ಪಟ್ಟಿಯಲ್ಲಿ ಐದು ಸಾಲುಗಳಿದ್ದವು. ಆರ್ಡರಿನ ವಿಂಡೋ ಎರಡನೇ ಟೇಬಲ್ಲಿಗೆ. ಗಾಡಿಯದು ಮೂರಕ್ಕೆ. ಎಚ್ಚರಿಕೆಗಳು ಎರಡಕ್ಕೆ, ಎಲ್ಲದರ ಮೇಲೆ ಕಾಣುವಂತೆ. ಇಷ್ಟನ್ನು ತಿಲಕ್ ಸರಸರನೆ ಓದಿದ. ನಾಲ್ಕನೇ ಸಾಲಿಗೆ ಬಂದು ತೊದಲಿದ. ಅದು ಯಕ್ಷಗಾನ.

"ಎಂತ ಯಕ್ಷಗಾನ?" ಎಂದ ಧನರಾಜ್.

ತಿಲಕ್ ತಲೆ ಕೆರೆದುಕೊಂಡ. ಮಧ್ಯಾಹ್ನ ಗಾಡಿಗಳು ಹೋದ ಮೇಲೆ ಕಿಚನ್ನಿನವರು ಇಲ್ಲಿ ಬಂದು ಅರ್ಧ ಗಂಟೆ ಯಕ್ಷಗಾನದ ವೀಡಿಯೋ ನೋಡುತ್ತಾರೆ, ಧಣಿಗಳ ಕಣ್ಣಿಗೆ ಬೀಳದಿರಲಿ ಎಂದು ಅದು ನಾಲ್ಕನೇ ಟೇಬಲ್ಲಿನಲ್ಲೇ ತೆರೆಯುವಂತೆ, ಕೆಳಗಿನ ಪಟ್ಟಿಯಲ್ಲಿ ಕಾಣದಂತೆ ಮಾಡಿದ್ದು ಎಂದ. ಬೇರೆ ದಿನವಾಗಿದ್ದರೆ ಇದಕ್ಕೊಂದು ರಂಪಾಟವಾಗುತ್ತಿತ್ತು. ಇವತ್ತು ಧನರಾಜನಿಗೆ ಬೈಯುವ ತ್ರಾಣ ಇರಲಿಲ್ಲ.

"ಐದನೇದು?" ಎಂದಳು ಶರಣವ್ವ.

ತಿಲಕ್ ಪರದೆಗೆ ಮುಖ ಹತ್ತಿರ ತಂದ. ಅವನ ಹುಬ್ಬು ಗಂಟಿಕ್ಕಿತು.

"ಇದು ನಾನು ಹಾಕಿದ್ದಲ್ಲ."

ಐದನೆಯ ಸಾಲು ನಾಲ್ಕನೆಯದರ ಪಡಿಯಚ್ಚು. ನಾಲ್ಕನೇ ಟೇಬಲ್ಲಿಗೆ, ಕೆಳಗಿನ ಪಟ್ಟಿಯಲ್ಲಿ ಕಾಣದಂತೆ, ಸದ್ದು ಮಾಡದಂತೆ. ಹೆಸರಿನ ಜಾಗದಲ್ಲಿ ಮಾತ್ರ ಯಕ್ಷಗಾನ ಎಂದಿರಲಿಲ್ಲ. ಡಬ್ಬ ಮೂವತ್ತೇಳು ಎಂದಿತ್ತು.

ವಿಂಡೋ ದಾರಿ ತಪ್ಪಿ ನಾಲ್ಕನೇ ಟೇಬಲ್ಲಿಗೆ ಹೋದದ್ದಲ್ಲ. ಯಾರೋ ಕೂತು, ಡಬ್ಬದ ನಂಬರು ಬರೆದು, ಬೇಕೆಂದೇ ಕಳಿಸಿದ್ದು. ಪಟ್ಟಿ ಕೊನೆಯ ಸಲ ಬದಲಾದದ್ದು ಯಾವಾಗ ಎಂದು ಶರಣವ್ವ ಕೇಳಿದಳು. ಮಂಗಳವಾರ ಸಂಜೆ ಆರು ಹತ್ತಕ್ಕೆ ಎಂದ ತಿಲಕ್. ಮಂಗಳವಾರ ಸಂಜೆ ತಾನು ಕಾಂದಿವಲಿಯಲ್ಲಿದ್ದೆ, ಗಾಡಿಯ ದಾಖಲೆ ನೋಡಬಹುದು ಎಂದೂ ಸೇರಿಸಿದ. ವಿನೋದಿನಿ ಐದೂವರೆಗೇ ಮನೆಗೆ ಹೋಗಿದ್ದಳು. ಧನರಾಜನಿಗೆ ಚಕ್ರವನ್ನೇ ನೆಟ್ಟಗೆ ತಿರುಗಿಸಲು ಬರುವುದಿಲ್ಲ.

"ಈ ನಿಯಮ ಹಾಕೂದು ಮತ್ತ್ಯಾರಿಗೆ ಬರತೈತಿ, ತಿಲಕ್?"

ತಿಲಕನ ಕಣ್ಣು ಶರಣವ್ವನನ್ನು ದಾಟಿ ಬಾಗಿಲ ಹತ್ತಿರ ಹೋಯಿತು. ಅಲ್ಲಿ ದೂಜ ನಿಂತಿದ್ದ.

"ನನಿಗೆ ಬರ್ತದೆ ಅಕ್ಕಾ" ಎಂದ ದೂಜ. "ತಿಲಕನೇ ಕಲಿಸಿದ್ದು, ಯಕ್ಷಗಾನಕ್ಕೆ ಅಂತ."

ಹರಿಣಿ ಶರಣವ್ವನ ಕೈ ಬಿಟ್ಟಳು.

"ಮಂಗಳವಾರ ನೀವ ಕುಂತಿದ್ರೇನು ಇಲ್ಲಿ?"

"ಹೌದು."

ಎರಡು ದಿನ. ಎರಡು ದಿನ ಈ ಮನುಷ್ಯ ಏನೂ ಗೊತ್ತಿಲ್ಲದವನ ಹಾಗೆ ಒಲೆಯ ಮುಂದೆ ನಿಂತಿದ್ದಾನೆ. ತಾನು ಆ ಸೆಟ್ಟಿಂಗಿನ ಕಾಡಿನಲ್ಲಿ ಒದ್ದಾಡುವಾಗ ಎರಡು ಸಲ ಚಹಾ ತಂದಿಟ್ಟು ಹೋಗಿದ್ದಾನೆ. ಶರಣವ್ವನಿಗೆ ಅವನ ಹೆಗಲು ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ಬಾಯಿ ಬಿಟ್ಟು ಹೇಳೋ ಎಂದಳು, ಅವಳಿಗೆ ಗೊತ್ತಿಲ್ಲದೆಯೇ ಬಹುವಚನ, ಮರ್ಯಾದೆ ಎಲ್ಲ ಬಿಟ್ಟುಹೋಗಿತ್ತು.

ದೂಜ ನಿಧಾನವಾಗಿ ಹೇಳಿದ. ಮಂಗಳವಾರ ಸಂಜೆ ಎಲ್ಲರೂ ಹೋದ ಮೇಲೆ ಈ ಕೋಣೆಯ ಫೋನು ಬಡಿಯಿತು. ಅವನೇ ಎತ್ತಿದ. ಆ ಕಡೆಯಿಂದ ಚೆಂದದ ಕನ್ನಡ. ನಾನು ಮೂವತ್ತೇಳನೇ ಡಬ್ಬದ ಅನಿಕೇತ್, ದೂಜಣ್ಣ ಎಂದು ಮಾತು ಶುರುವಾಯಿತು. ಎಚ್ಚರಿಕೆ ಬಂದ ಡಬ್ಬಗಳಿಗೆ ಇಲ್ಲಿ ಕೆಂಪು ಸ್ಟಿಕರ್ ಹಚ್ಚುತ್ತಾರೆ. ಆ ಸ್ಟಿಕರ್ ನೋಡಿ ಕಚೇರಿಯವರು ದಿನಾ ಮಗುವಿನ ಡಬ್ಬ ಎಂದು ನಗುತ್ತಾರೆ, ನಾಳೆ ಹೊಸ ಸಾಹೇಬರು ನಮ್ಮ ಜೊತೆ ಕೂತು ಉಣ್ಣುತ್ತಾರೆ, ಒಂದೇ ಒಂದು ದಿನ ಅದು ಬೇಡ, ಹೇಗೂ ನಾಳೆ ಕಾಯಿ ಚಟ್ನಿಯೇ ಅಲ್ಲವಾ ಎಂದು ಆ ಧ್ವನಿ ಬೇಡಿಕೊಂಡಿತು. ದೂಜನ ಮನಸ್ಸು ಕರಗಿತು. ಡೆಸ್ಕಿನವರಿಗೆ ಹೇಳಿದರೆ ಧಣಿಗಳಿಗೆ ಹೋಗುತ್ತದೆ, ಧಣಿಗಳು ಒಪ್ಪುವುದಿಲ್ಲ. ಯಕ್ಷಗಾನವನ್ನು ಅಡಗಿಸಿದ ಹಾಗೆ ಇದನ್ನೂ ಒಂದು ದಿನ ಅಡಗಿಸಿದರೆ ಏನಾದೀತು ಎಂದುಕೊಂಡ. ಮರುದಿನ ಕಾಯಿ ಕಡಿಮೆ ಬೀಳುತ್ತದೆ, ಚಟ್ನಿಗೆ ಶೇಂಗಾ ಹಾಕು ಎನ್ನುತ್ತಾರೆ ಎಂದು ಅವನಿಗೇನು ಗೊತ್ತು? ಮುನ್ನೂರು ಡಬ್ಬದ ಗಡಿಬಿಡಿಯಲ್ಲಿ ಮೂವತ್ತೇಳು ಮರೆತೇಹೋಯಿತು. ನೆನಪಾದದ್ದು ಆಸ್ಪತ್ರೆಯ ಸುದ್ದಿ ಬಂದ ಮೇಲೆ.

"ಕೊಲ್ಲಲಿಕ್ಕೆ ಮಾಡಿದ್ದಲ್ಲ ಅಕ್ಕಾ. ಅವನೇ ಕೇಳಿದ್ದು. ಅವ ಕಣ್ಣು ಬಿಟ್ರೆ ಅವನೇ ಹೇಳ್ತಾನೆ, ದೂಜಣ್ಣನಿಗೆ ನಾನೇ ಫೋನ್ ಮಾಡಿದ್ದು ಅಂತ. ಅದಕ್ಕೇ ಕಾಯ್ತಾ ಇದ್ದೆ ನಾನು."

"ಕಾಯಬ್ಯಾಡ್ರಿ" ಎಂದಿತು ಒಂದು ಧ್ವನಿ.

ಕಾಶಿನಾಥ ಯಾವಾಗ ಬಂದು ದೂಜನ ಹಿಂದೆ ನಿಂತಿದ್ದನೋ ಯಾರೂ ಗಮನಿಸಿರಲಿಲ್ಲ. ಟೊಪ್ಪಿಗೆ ಕಂಕುಳಲ್ಲಿತ್ತು. ಅವನು ದೂಜನನ್ನು ನೋಡಲಿಲ್ಲ, ಶರಣವ್ವನನ್ನು ನೋಡಿಯೇ ಮಾತಾಡಿದ. ಆಸ್ಪತ್ರೆಯಿಂದಲೇ ನೇರ ಬರುತ್ತಿದ್ದೇನೆ, ಹುಡುಗನ ತಾಯಿಯ ಹೇಳಿಕೆ ಬರೆದುಕೊಂಡು ಬಂದೆ ಎಂದ.

"ಆ ಅನಿಕೇತ ಯಾರಿಗೂ ಫೋನ್ ಮಾಡಿಲ್ರೀ ಅಮ್ಮಾರ. ಮಾಡಾಕೂ ಆಗೂದಿಲ್ಲ. ಹುಟ್ಟಿದಾಗಿಂದ ಅವಗ ಮಾತ ಬರೂದಿಲ್ಲ."

ದೂಜನ ಹೆಗಲಿನಿಂದ ಬೈರಾಸು ಜಾರಿ ಬಿತ್ತು. ಕಾಶಿನಾಥ ಅವನ ಮೊಣಕೈ ಹಿಡಿದ. ಗೇಟಿನ ಕಡೆ ಎರಡು ಹೆಜ್ಜೆ ಹೋದ ದೂಜ ಅಲ್ಲೇ ನಿಂತು ಶರಣವ್ವನ ಕಡೆ ತಿರುಗಿದ.

"ಹಾಗಾದ್ರೆ ನನ್ನನ್ನು ದೂಜಣ್ಣ ಅಂತ ಕರೆದದ್ದು ಯಾರು ಅಕ್ಕಾ?"